ಗಿರಾಕಿಗಳೇ ಎದುರು ಕೂತಿದ್ದರೆ?

ಪ್ರಶ್ನೆ: ಮಂಡ್ಯದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಕುಡಿತ ಬಿಡಬೇಕು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿನ ಸಭೆಗೆ ಹೋದರೆ ನನ್ನ ಗಿರಾಕಿಗಳೇ ಸಿಕ್ಕಿಬಿಟ್ಟರೆ? ಅಲ್ಲಿ ದೇವರ ಮಾತೂ ಜಾಸ್ತಿಯಂತೆ.

ಉತ್ತರ: ಸಿಗಲಿ ಬಿಡಿ, ಅವರೂ ಅದಕ್ಕೇ ಬಂದಿರುತ್ತಾರೆ ಅಲ್ವಾ! ತೀರಾ ಮುಜುಗರವಾದರೆ ರೈಲು ಹತ್ತಿ ಮೈಸೂರಿನ ಸಭೆಗೆ ಹೋಗಿ. ನಾನೂ ಊರು ಬಿಟ್ಟು ಊರಿಗೆ ಹೋಗಿಯೇ ಶುರು ಮಾಡಿದವನು. ‘ಕ್ಲೋಸ್ಡ್ ಮೀಟಿಂಗ್’ ಯಾವತ್ತು ಅಂತ ಕೇಳಿ. ಅಲ್ಲಿಗೆ ಕುಡಿತ ಬಿಡಬೇಕು ಅನ್ನುವವರಿಗಷ್ಟೇ ಪ್ರವೇಶ. ಫೀಸಿಲ್ಲ. ದೇವರನ್ನು ನಂಬದವರೂ ಬರುತ್ತಾರೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು ನೋಡಿ.

ಆದರೆ ದಿನಾ ಕುಡಿಯುವವರಾದರೆ ಸುಮ್ನೆ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಮೊದಲು ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪುಗಳಿವೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.