ಗಾಲೆ ಸಹಿ ಕಂಡ ಕೂಡಲೇ ದುಡ್ಡು ಬಿಚ್ಚಬೇಡಿ

ಪ್ರಶ್ನೆ: ಹರಾಜಿನಲ್ಲಿ ಒಂದು ಹೂದಾನಿ ಕಣ್ಣಿಗೆ ಬಿತ್ತು. ಹಳದಿ ಗಾಜಿನ ಮೇಲೆ ನೇರಳೆ ಬಳ್ಳಿ ಉಬ್ಬಿಕೊಂಡಿದೆ, ಕೆಳಗೆ ‘ಗಾಲೆ’ ಸಹಿಯಿದೆ. ಸಹಿ ಇದ್ದರೆ ಅಸಲಿ ತಾನೇ?

ಉತ್ತರ: ಅಲ್ಲ. ಸಹಿಯೊಂದನ್ನೇ ನೋಡಿ ದುಡ್ಡು ಕೊಟ್ಟು, ಆಮೇಲೆ ಫೋಟೊ ಕಳಿಸುವವರು ಇಷ್ಟೊಂದು ಜನ ಏಕೆ ಎಂದು ಬೇಸರವಾಗುತ್ತದೆ. ನೋಡುವುದೇ ಆದರೆ ಸಹಿಯ ಅಕ್ಕಪಕ್ಕ ನೋಡಿ.

ಎಮಿಲ್ ಗಾಲೆ (1846–1904) ಫ್ರಾನ್ಸಿನ ನಾನ್ಸಿ ಊರಿನ ಗಾಜಿನ ಕಲಾವಿದರು. ಅವರಿಗೆ ಹೆಸರು ತಂದ ಕ್ಯಾಮಿಯೊ ಗಾಜಿನಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣದ ಗಾಜಿನ ಪದರ ಇರುತ್ತದೆ. ಉಳಿಯಬೇಕಾದ ಚಿತ್ರಕ್ಕೆ ಆಮ್ಲ ತಾಗದಂತೆ ಲೇಪ ಬಳಿದು, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಲೇಪವಿಲ್ಲದ ಕಡೆ ಮೇಲಿನ ಪದರ ಕರಗಿ ಹೋಗುತ್ತದೆ. ಲೇಪ ಬದಲಿಸಿ ಮತ್ತೆ ಮತ್ತೆ ಅದ್ದಿದ ಹೂದಾನಿಯಲ್ಲಿ ಒಂದೇ ನೇರಳೆ, ಎಸಳಿನ ಅಂಚಿನಲ್ಲಿ ತಿಳಿಯಾಗಿ, ನಡುವೆ ಗಾಢವಾಗಿ ಕಾಣುತ್ತದೆ. ಅಗ್ಗದ ನಕಲಿನಲ್ಲಿ ಹೆಚ್ಚಾಗಿ ಇಡೀ ಹೂವು ಒಂದೇ ದಪ್ಪ, ಕಾಗದ ಕತ್ತರಿಸಿ ಅಂಟಿಸಿದಂತೆ.

ತೊಂದರೆ ಕೊಡುವುದು ರೊಮೇನಿಯಾದಲ್ಲಿ ತಯಾರಾದ ಹೂದಾನಿಗಳು. ಅವಕ್ಕೂ ಪದರ, ಆಮ್ಲ ಎಲ್ಲ ಇದೆ. ಅವುಗಳಲ್ಲಿ ಹಲವುಗಳ ಮೇಲೆ ಗಾಲೆ ಹೆಸರಿನ ಜೊತೆ ‘ಟಿಪ್’ (TIP) ಎಂದೂ ಉಬ್ಬಕ್ಷರದಲ್ಲಿ ಇರುತ್ತದೆ. ರೊಮೇನಿಯನ್ ಭಾಷೆಯಲ್ಲಿ ಹಾಗೆಂದರೆ ‘ಮಾದರಿ’. ಅಂದರೆ ಗಾಲೆ ಮಾದರಿಯದು ಎಂದು ಬಹಿರಂಗವಾಗಿಯೇ ಮಾರುವ ಮಾಲು. ಮೋಸ ನಡೆಯುವುದು ಆಮೇಲೆ: ಯಾರೋ ಆ ಮೂರು ಅಕ್ಷರಗಳನ್ನು ಸಾಣೆ ಹಿಡಿದು ಅಳಿಸುತ್ತಾರೆ.

ಅಳಿಸಿದ ಜಾಗ ಹುಡುಕಲು ಹತ್ತು ಪಟ್ಟು ಹಿಗ್ಗಿಸುವ ಲೂಪ್ ಮತ್ತು ಒಂದು ಟಾರ್ಚ್ ಸಾಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗಾಜಿಗೆ ತಾಗುವಷ್ಟು ಓರೆಯಾಗಿ ಹಿಡಿದು, ಸಹಿಯ ಸುತ್ತ ಎರಡು ಬೆರಳಗಲ ನಿಧಾನವಾಗಿ ನೋಡಿ. ಆಮ್ಲ ತಿಂದ ಹಿನ್ನೆಲೆಯ ಮೇಲ್ಮೈ ಎಲ್ಲ ಕಡೆ ಒಂದೇ ಥರ ಇರಬೇಕು. ಅದರ ನಡುವೆ ನುಣುಪಾದ ತೇಪೆ, ಒಂದೇ ದಿಕ್ಕಿನ ಸಣ್ಣ ಗೀರು ಅಥವಾ ಬೆರಳು ಸವರಿದರೆ ತಿಳಿಯುವ ತಗ್ಗು ಸಿಕ್ಕರೆ ಅಲ್ಲಿಗೆ ವ್ಯಾಪಾರ ಬಿಡಿ. ಸಿಗದಿದ್ದರೂ ಅಸಲಿ ಎಂದಾಗಲಿಲ್ಲ. ತಳ ತಿರುಗಿಸಿ: ದಶಕಗಟ್ಟಲೆ ಬಳಸಿದ್ದರೆ, ನೆಲಕ್ಕೆ ತಾಗುವ ಅಂಚಿನಲ್ಲಷ್ಟೇ ದಿಕ್ಕಿಲ್ಲದ ಗೀರುಗಳಿರುತ್ತವೆ; ಮರಳುಕಾಗದ ಉಜ್ಜಿದ್ದರೆ ಸಾಲುಸಾಲಾಗಿರುತ್ತವೆ. ಬಾಯಂಚೂ ನೋಡಿ. ಬಳ್ಳಿಯ ತುದಿ ಅಲ್ಲಿ ತುಂಡಾದಂತಿದ್ದರೆ, ಒಡಕು ಮುಚ್ಚಲು ಬಾಯಿ ಉಜ್ಜಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಸಹಿಯ ಪಕ್ಕ ನಕ್ಷತ್ರವಿದೆ. ಗಾಲೆಯವರೇ ಕೈಯಾರೆ ಮಾಡಿದ್ದು ಎಂಬ ಗುರುತಂತೆ?

ಉತ್ತರ: ತದ್ವಿರುದ್ಧ. ನಕ್ಷತ್ರ ಬಂದಿದ್ದು 1904ರಲ್ಲಿ ಅವರು ತೀರಿಕೊಂಡ ಮೇಲೆ. ಕಾರ್ಖಾನೆ 1930ರ ದಶಕದವರೆಗೂ ಅವರ ಹೆಸರಿನಲ್ಲೇ ಮಾಲು ಮಾಡಿತು.

ಪ್ರಶ್ನೆ: ನೇರಳಾತೀತ ಟಾರ್ಚಿಗೆ ಹಸಿರಾಗಿ ಹೊಳೆಯಿತು. ಹಳೆಯದೇ?

ಉತ್ತರ: ಯುರೇನಿಯಂ ಇದ್ದೀತು. ಅಂಥ ಗಾಜನ್ನು ಇವತ್ತೂ ಮಾಡುತ್ತಾರೆ.

ಪ್ರಶ್ನೆ: ಒಳಗಿನ ಬಿಳಿ ಮಸುಕಿಗೆ ಟೂತ್‌ಪೇಸ್ಟ್ ಹಾಕಿ ಉಜ್ಜಬಹುದೇ?

ಉತ್ತರ: ಬೇಡವೇ ಬೇಡ. ಅಂಥ ಸಲಹೆ ಹಂಚುವವರು ಗಾಜು ಹಾಳು ಮಾಡಿಸುತ್ತಿದ್ದಾರೆ. ಉಗುರುಬೆಚ್ಚಗಿನ ನೀರು ತುಂಬಿಸಿ ನೋಡಿ. ಮಸುಕು ಮಾಯವಾಗಿ, ಒಣಗಿದ ಮೇಲೆ ಮರಳಿದರೆ ಗಾಜಿನ ಮೈಯೇ ಸವೆದಿದೆ ಎಂದು ಅನುಮಾನಿಸಿ. ಅದು ತೊಳೆದರೆ ಹೋಗುವಂಥದ್ದಲ್ಲ. ಎಣ್ಣೆ ಸವರಿ ಅದನ್ನು ಮರೆಮಾಚಿ ಮಾರುವವರೂ ಇದ್ದಾರೆ, ಆದ್ದರಿಂದ ಕೊಳ್ಳುವ ಮುಂಚೆ ಒಳಗೆ ಬೆರಳು ಹಾಕಿ ಜಿಡ್ಡಿದೆಯೇ ನೋಡಿ.

ಪ್ರಶ್ನೆ: ಫೋಟೊ ನೋಡಿ ಬೆಲೆ ಹೇಳುತ್ತೀರಾ?

ಉತ್ತರ: ಇಲ್ಲ.