ಅಯೋವಾದ ಮುಚ್ಚಳಿಕೆ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪಕ್ಷದ ಅಭ್ಯರ್ಥಿಯನ್ನು ಆರಿಸಲು ಅಮೆರಿಕದಲ್ಲಿ ನಡೆಯುವ ಪ್ರೈಮರಿ ಚುನಾವಣೆಗಳ ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿವಮೊಗ್ಗದ ನಿವೃತ್ತ ಉಪನ್ಯಾಸಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಬೇಡವೆಂದು ಅವರೇ ಕೋರಿರುವುದರಿಂದ ಅದನ್ನು ಇಲ್ಲಿ ಹಾಕಿಲ್ಲ. ಗರ್ಭಪಾತ, ವಿವಾಹ, ಕುಟುಂಬಗಳ ವಿಚಾರದಲ್ಲಿ ಸಂಪ್ರದಾಯನಿಷ್ಠೆಯೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಆಕಾಂಕ್ಷಿಗಳಿಗೆ ಅಗ್ನಿಪರೀಕ್ಷೆ ಎಂದು ನಾವು ಬರೆದಿದ್ದೆವು. ಹಾಗಿದ್ದರೆ ಎರಡು ವಿಚ್ಛೇದನ, ಮೂರು ಮದುವೆಗಳ ಡೊನಾಲ್ಡ್ ಟ್ರಂಪ್ 2016ರಲ್ಲಿ ಅಯೋವಾ ರಾಜ್ಯದಿಂದ ಮೊದಲ್ಗೊಂಡು ಎಲ್ಲ ಕಡೆ ಅದೇ ಶ್ರದ್ಧಾವಂತ ಮತದಾರರ ಬಲದಿಂದ ಗೆದ್ದುದು ಹೇಗೆ, ಈ ಪರೀಕ್ಷೆ ಎಂಬುದೇ ಬೂಟಾಟಿಕೆಯಲ್ಲವೆ ಎಂಬುದು ಅವರ ತಕರಾರು. ಹಿಂದೂ ಒಬ್ಬರು ಇದರಲ್ಲಿ ತೇರ್ಗಡೆಯಾಗಲು ಸಾಧ್ಯವೆ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದಾರೆ.

ಮೊದಲಿಗೆ ತಪ್ಪೊಪ್ಪಿಗೆ. ಒಂದೇ ವಿಚಾರದ ನಿಲುವಿನಿಂದ ಅಭ್ಯರ್ಥಿಯನ್ನು ಅಳೆಯುವ ‘ಲಿಟ್ಮಸ್ ಟೆಸ್ಟ್’ ಎಂಬುದಕ್ಕೆ ‘ಅಗ್ನಿಪರೀಕ್ಷೆ’ ಎಂಬ ಪದವನ್ನು ಹಾಕಿದವನು ನಾನೇ. ಲೇಖಕರ ಹಸ್ತಪ್ರತಿಯಲ್ಲಿ ಅದು ಇರಲಿಲ್ಲ. ಅಗ್ನಿಪರೀಕ್ಷೆ ಆಗಿಹೋದ ನಡತೆಯನ್ನು ಪರೀಕ್ಷಿಸುತ್ತದೆ: ಇಷ್ಟು ದಿನ ನೀನು ಹೇಗಿದ್ದೆ ಎಂದು ಕೇಳುತ್ತದೆ. ಅಯೋವಾದ ಮತದಾರರು ಕೇಳುವುದು ಅದನ್ನಲ್ಲ. ನಾಳೆ ಶ್ವೇತಭವನದಲ್ಲಿ ಕೂತ ಮೇಲೆ ಯಾವ ನ್ಯಾಯಾಧೀಶರನ್ನು ನೇಮಿಸುತ್ತೀರಿ, ಯಾವ ಮಸೂದೆಗೆ ಸಹಿ ಹಾಕುತ್ತೀರಿ, ಅದಕ್ಕೆ ಜಾಮೀನು ಏನು ಎಂದು ಅವರು ಕೇಳುತ್ತಾರೆ. ನಮ್ಮ ಪೊಲೀಸ್ ಠಾಣೆಗಳಲ್ಲಿ ಬಳಕೆಯಲ್ಲಿರುವ ಹಳೆಯ ಪದವೊಂದು ಇದಕ್ಕೆ ಸರಿಯಾಗಿ ಹೊಂದುತ್ತದೆ: ಮುಚ್ಚಳಿಕೆ. ಹಿಂದೆ ಏನು ಮಾಡಿದ್ದೆ ಎನ್ನುವುದಕ್ಕಿಂತ ಇನ್ನು ಮುಂದೆ ಹೀಗೆ ನಡೆದುಕೊಳ್ಳುತ್ತೇನೆ ಎಂದು ಬರೆದು ಸಹಿ ಹಾಕುವುದೇ ಅದರಲ್ಲಿ ಮುಖ್ಯ. ಓದುಗರಿಗೆ ಬೂಟಾಟಿಕೆಯಾಗಿ ಕಂಡದ್ದರ ಬಹುಪಾಲು ಈ ವ್ಯತ್ಯಾಸದಿಂದ ಹುಟ್ಟಿದೆ ಎಂದು ನನ್ನ ಅನಿಸಿಕೆ.

ಅಭ್ಯರ್ಥಿಯನ್ನು ಹೈಕಮಾಂಡ್ ಆರಿಸುವ ಪದ್ಧತಿಗೆ ಒಗ್ಗಿದ ನಮಗೆ ಪ್ರೈಮರಿಯ ಕಲ್ಪನೆ ಸುಲಭವಾಗಿ ಬರುವುದಿಲ್ಲ. ಅಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ಸಾಮಾನ್ಯ ಮತದಾರರು ರಾಜ್ಯ ರಾಜ್ಯವಾಗಿ ತೀರ್ಮಾನಿಸುತ್ತಾರೆ. ರಿಪಬ್ಲಿಕನ್ನರಲ್ಲಿ ಮೊದಲ ಸರದಿ ಅಯೋವಾದ ಕಾಕಸ್‌ನದು. ಚಳಿಗಾಲದ ಕೊರೆಯುವ ರಾತ್ರಿ ಏಳು ಗಂಟೆಗೆ ಊರ ಶಾಲೆಯ ವ್ಯಾಯಾಮಶಾಲೆಯಲ್ಲೋ ಚರ್ಚಿನ ಸಭಾಂಗಣದಲ್ಲೋ ಜನ ಸೇರುತ್ತಾರೆ, ಒಬ್ಬೊಬ್ಬ ಅಭ್ಯರ್ಥಿಯ ಪರವಾಗಿ ನೆರೆಹೊರೆಯವರೇ ಎದ್ದು ನಾಲ್ಕು ಮಾತಾಡುತ್ತಾರೆ, ಬಳಿಕ ಎಲ್ಲರೂ ಖಾಲಿ ಚೀಟಿಯ ಮೇಲೆ ಹೆಸರು ಬರೆದು ಹಾಕುತ್ತಾರೆ. ದಿನವಿಡೀ ತೆರೆದಿರುವ ಮತಗಟ್ಟೆಯಲ್ಲ ಅದು. ಆ ಹೊತ್ತಿಗೆ, ಆ ಚಳಿಯಲ್ಲಿ ಮನೆಬಿಟ್ಟು ಬರುವಷ್ಟು ಕಳಕಳಿ ಇರುವವರೇ ಬರುತ್ತಾರೆ. ಭಾನುವಾರ ಭಾನುವಾರ ಒಂದೆಡೆ ಸೇರುವ ರೂಢಿ ಮೊದಲೇ ಇರುವವರಿಗೆ ಇದು ಹೆಚ್ಚು ಸಲೀಸು. 2008, 2012, 2016ರ ಸಮೀಕ್ಷೆಗಳಲ್ಲಿ ಕಾಕಸ್‌ಗೆ ಬಂದ ರಿಪಬ್ಲಿಕನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಇವ್ಯಾಂಜೆಲಿಕಲ್ ಕ್ರೈಸ್ತರೆಂದು (ಬೈಬಲ್ಲನ್ನೇ ಪರಮ ಪ್ರಮಾಣವೆನ್ನುವ ಪ್ರಾಟೆಸ್ಟೆಂಟರೆಂದು) ಹೇಳಿಕೊಂಡಿದ್ದರು. ಅಭ್ಯರ್ಥಿಗಳು ಮುಚ್ಚಳಿಕೆ ಬರೆದುಕೊಡಬೇಕಾದದ್ದು ಇವರ ಮುಂದೆ.

ಈ ಮುಚ್ಚಳಿಕೆ ಪದ್ಧತಿಯ ಮೊದಲ ದೊಡ್ಡ ಫಲಾನುಭವಿ ರೊನಾಲ್ಡ್ ರೇಗನ್. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ 1967ರಲ್ಲಿ ಗರ್ಭಪಾತದ ಕಾನೂನನ್ನು ಸಡಿಲಿಸುವ ಮಸೂದೆಗೆ ಸಹಿ ಹಾಕಿದವರು ಅವರೇ. ವಿಚ್ಛೇದಿತರು ಅಮೆರಿಕದ ಅಧ್ಯಕ್ಷರಾದದ್ದೂ ಅವರಿಂದಲೇ ಮೊದಲು. ನಿಜವಾದ ಅಗ್ನಿಪರೀಕ್ಷೆಯಾಗಿದ್ದರೆ 1980ರಲ್ಲಿ ಅವರು ಬೂದಿಯಾಗಬೇಕಿತ್ತು. ಆದರೆ ಹಿಂದಿನ ವರ್ಷವಷ್ಟೇ ಪಾದ್ರಿ ಜೆರ್ರಿ ಫಾಲ್ವೆಲ್ ಹುಟ್ಟುಹಾಕಿದ್ದ ಮಾರಲ್ ಮೆಜಾರಿಟಿ ಎಂಬ ಕ್ರೈಸ್ತ ರಾಜಕೀಯ ಸಂಘಟನೆ ರೇಗನ್ ಬೆನ್ನಿಗೆ ನಿಂತಿತು, ಏಕೆಂದರೆ ಆ ಸಹಿಗೆ ಪಶ್ಚಾತ್ತಾಪಪಟ್ಟಿದ್ದ ರೇಗನ್, ಕುಟುಂಬ ಮೌಲ್ಯಗಳನ್ನೂ ನಿರ್ದೋಷಿ ಜೀವದ ಪಾವಿತ್ರ್ಯವನ್ನೂ ಗೌರವಿಸುವ ನ್ಯಾಯಾಧೀಶರನ್ನೇ ನೇಮಿಸುವುದಾಗಿ ಹೇಳುವ ಪ್ರಣಾಳಿಕೆಯ ಮೇಲೆ ನಿಂತಿದ್ದರು. ಅವರ ಎದುರು ಸ್ಪರ್ಧಿಸಿ ಸೋತ ಹಿರಿಯ ಜಾರ್ಜ್ ಬುಷ್ ಉಪಾಧ್ಯಕ್ಷ ಸ್ಥಾನ ಒಪ್ಪಿಕೊಂಡಾಗ ಗರ್ಭಪಾತದ ಬಗೆಗಿನ ತಮ್ಮ ಹಳೆಯ ಸಡಿಲ ನಿಲುವನ್ನು ಬಿಟ್ಟರು. ಅಂದಿನಿಂದ ಇಂದಿನವರೆಗೆ ಗರ್ಭಪಾತದ ಹಕ್ಕಿನ ಪರ ಎಂದು ಬಹಿರಂಗವಾಗಿ ಹೇಳಿಕೊಂಡ ಯಾರಿಗೂ ಆ ಪಕ್ಷದ ಅಧ್ಯಕ್ಷೀಯ ಟಿಕೆಟ್ ಸಿಕ್ಕಿಲ್ಲ.

ಮನಸ್ಸು ಬದಲಿಸಿದವರಿಗೆ ಬಾಗಿಲು ತೆರೆದಿತ್ತು, ಬದಲಿಸಲೊಲ್ಲದವರಿಗೆ ಮುಚ್ಚಿತ್ತು ಎಂಬುದು 2008ರ ಸ್ಪರ್ಧೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರ್ 11ರ ದಾಳಿಯ ದಿನಗಳಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಆಗಿದ್ದ ರೂಡಿ ಜೂಲಿಯಾನಿ 2007ರ ಬಹುಪಾಲು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಮುಂದಿದ್ದರು. ಆ ವರ್ಷದ ಮೇ ತಿಂಗಳಲ್ಲಿ, ರೇಗನ್ ಹೆಸರಿನ ಗ್ರಂಥಾಲಯದಲ್ಲೇ ನಡೆದ ಚರ್ಚೆಯಲ್ಲಿ, ಗರ್ಭಪಾತಕ್ಕೆ ಸಾಂವಿಧಾನಿಕ ರಕ್ಷಣೆ ಕೊಟ್ಟ 1973ರ ರೋ ತೀರ್ಪು ರದ್ದಾಗುವ ದಿನ ಅಮೆರಿಕಕ್ಕೆ ಒಳ್ಳೆಯ ದಿನವೇ ಎಂಬ ಪ್ರಶ್ನೆ ಎಲ್ಲರಿಗೂ ಬಂತು. ಉಳಿದವರು ಹೌದೆಂದರು. ಜೂಲಿಯಾನಿ ಮಾತ್ರ ರದ್ದಾದರೂ ಸರಿ, ನ್ಯಾಯಾಧೀಶರು ಅದನ್ನು ಪೂರ್ವನಿದರ್ಶನವೆಂದು ಉಳಿಸಿಕೊಂಡರೂ ಸರಿ ಎಂಬರ್ಥದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನ್ಯಾಯಾಧೀಶರ ಆಯ್ಕೆಯ ಬಗ್ಗೆ ಅವರು ಭರವಸೆ ಕೊಟ್ಟಿದ್ದರು, ಆದರೆ ಆ ಭರವಸೆಗೆ ಅವರ ಮನಸ್ಸೇ ಸಾಕ್ಷಿ ಹೇಳುತ್ತಿರಲಿಲ್ಲ. ಪ್ಯಾಟ್ ರಾಬರ್ಟ್‌ಸನ್‌ರಂಥ ಪ್ರಸಿದ್ಧ ಟಿವಿ ಧರ್ಮಪ್ರಚಾರಕರು ಬೆಂಬಲ ಘೋಷಿಸಿದರೂ ಪ್ರಯೋಜನವಾಗಲಿಲ್ಲ. ಅಯೋವಾದಲ್ಲಿ ಆರನೆಯವರಾಗಿ, ಪಣವೊಡ್ಡಿ ಕಾದಿದ್ದ ಫ್ಲೋರಿಡಾದಲ್ಲಿ ಮೂರನೆಯವರಾಗಿ ಹಿಂದೆ ಸರಿದರು. ಮೊದಲ ರಾಜ್ಯಗಳನ್ನು ಬಿಟ್ಟುಕೊಟ್ಟ ತಂತ್ರವೂ ಅವರ ಸೋಲಿಗೆ ಕಾರಣವೇ. ಆದರೆ ಆ ತಂತ್ರ ಹಿಡಿಯುವ ಅನಿವಾರ್ಯ ಬಂದದ್ದಾದರೂ ಏಕೆ ಎಂದು ಯೋಚಿಸಬೇಕು. ಅದೇ ಸ್ಪರ್ಧೆಯಲ್ಲಿದ್ದ ಮಿಟ್ ರಾಮ್ನಿ 1994ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟ್ ಚುನಾವಣೆಗೆ ನಿಂತಾಗ ಗರ್ಭಪಾತದ ಹಕ್ಕಿನ ಪರವಾಗಿದ್ದವರು. ಗವರ್ನರ್ ಆಗಿದ್ದಾಗ ನಿಲುವು ಬದಲಿಸಿದರು, ವರ್ಷಗಟ್ಟಲೆ ಗೇಲಿಯನ್ನೂ ಕೇಳಿಸಿಕೊಂಡರು, 2012ರಲ್ಲಿ ಟಿಕೆಟ್ ಪಡೆದರು.

ಮುಚ್ಚಳಿಕೆ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಅಯೋವಾದ ಸುಪ್ರೀಂ ಕೋರ್ಟ್ 2009ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟಿತು. ಮರುವರ್ಷ ಮತದಾರರು ಆ ಪೀಠದ ಮೂವರು ನ್ಯಾಯಮೂರ್ತಿಗಳನ್ನು ಮತ ಹಾಕಿಯೇ ಮನೆಗೆ ಕಳಿಸಿದರು. ಆ ಚಳವಳಿಯ ಮುಂದಾಳು ಬಾಬ್ ವ್ಯಾಂಡರ್ ಪ್ಲಾಟ್ಸ್ ಅವರ ‘ಫ್ಯಾಮಿಲಿ ಲೀಡರ್’ ಸಂಸ್ಥೆ 2011ರ ಜುಲೈನಲ್ಲಿ, ಮರುವರ್ಷದ ಸ್ಪರ್ಧೆಯ ಎಲ್ಲ ಅಭ್ಯರ್ಥಿಗಳ ಮುಂದೆ ವಿವಾಹದ ಕುರಿತ ಲಿಖಿತ ಪ್ರತಿಜ್ಞೆಯೊಂದನ್ನು ಇಟ್ಟಿತು. ಸಂಗಾತಿಗೆ ನಿಷ್ಠನಾಗಿರುತ್ತೇನೆ ಎಂಬುದೂ ಅದರ ಒಂದು ಕಲಮು. ಮಿಷೆಲ್ ಬಾಕ್‌ಮನ್ ಮತ್ತು ರಿಕ್ ಸ್ಯಾಂಟೋರಮ್ ಕೂಡಲೇ ಸಹಿ ಹಾಕಿದರು. ಪೀಠಿಕೆಯಲ್ಲಿ ಗುಲಾಮಗಿರಿಯ ಕಾಲದ ಕರಿಯ ಕುಟುಂಬಗಳನ್ನು ಇಂದಿನವುಗಳಿಗಿಂತ ಮೇಲೆಂಬಂತೆ ಹೇಳಿದ ಸಾಲೊಂದು ಇದ್ದದ್ದು ಅನಂತರ ಬೆಳಕಿಗೆ ಬಂದು, ಸಂಸ್ಥೆ ಅದನ್ನು ತೆಗೆದುಹಾಕಬೇಕಾಯಿತು. ಓದದೆ ಸಹಿ ಹಾಕುವುದು ನಮ್ಮಲ್ಲಿ ಮಾತ್ರವಲ್ಲ ಎಂದು ಆಗ ನನಗೆ ಅನ್ನಿಸಿತ್ತು. ರಾಮ್ನಿ ಸಹಿ ಹಾಕಲಿಲ್ಲ. ಎರಡು ವಿಚ್ಛೇದನಗಳಾಗಿದ್ದ, ವಿವಾಹಬಾಹಿರ ಸಂಬಂಧವನ್ನು ತಾವೇ ಒಪ್ಪಿಕೊಂಡಿದ್ದ ನ್ಯೂಟ್ ಗಿಂಗ್ರಿಚ್ ಕೂಡ ಸಹಿ ಹಾಕಲಿಲ್ಲವಾದರೂ ಡಿಸೆಂಬರ್‌ನಲ್ಲಿ ಸಂಸ್ಥೆಗೆ ಉದ್ದನೆಯ ಪತ್ರ ಬರೆದು, ಪತ್ನಿಗೆ ನಿಷ್ಠನಾಗಿರುವುದಾಗಿ ಮಾತು ಕೊಟ್ಟರು. ಅಮೆರಿಕದ ಸಂಸತ್ತಿನ ಮಾಜಿ ಸ್ಪೀಕರ್ ಒಬ್ಬರು, ಅರವತ್ತೆಂಟನೆಯ ವಯಸ್ಸಿನಲ್ಲಿ, ಇನ್ನು ಮುಂದೆ ಮನೆಯಲ್ಲಿ ನೆಟ್ಟಗಿರುತ್ತೇನೆ ಎಂದು ಒಂದು ರಾಜ್ಯದ ಸಂಘಟನೆಗೆ ಲಿಖಿತವಾಗಿ ತಿಳಿಸಿದರು. ಮರುತಿಂಗಳು ಸೌತ್ ಕ್ಯಾರೊಲೈನಾ ಪ್ರೈಮರಿಯನ್ನು ಗೆದ್ದವರೂ ಅವರೇ.

ಆದರೆ ಈ ಮುಚ್ಚಳಿಕೆ ಹೊಸ್ತಿಲು ದಾಟಿಸುತ್ತದೆಯೇ ಹೊರತು ಪಟ್ಟ ಕಟ್ಟುವುದಿಲ್ಲ. ಅಯೋವಾದಲ್ಲಿ 2008ರಲ್ಲಿ ಗೆದ್ದ ಬ್ಯಾಪ್ಟಿಸ್ಟ್ ಪಾದ್ರಿ ಮೈಕ್ ಹಕಬಿ, 2012ರಲ್ಲಿ ಗೆದ್ದ ಸ್ಯಾಂಟೋರಮ್, 2016ರಲ್ಲಿ ಗೆದ್ದ ಟೆಡ್ ಕ್ರೂಜ್ ಈ ಮೂವರೂ ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯವರು. ಮೂವರಿಗೂ ಟಿಕೆಟ್ ಸಿಗಲಿಲ್ಲ. ಪತ್ರದಲ್ಲಿರುವ ತಪ್ಪೊಂದನ್ನು ಇಲ್ಲಿಯೇ ತಿದ್ದಬೇಕು: 2016ರಲ್ಲಿ ಟ್ರಂಪ್ ಅಯೋವಾದಲ್ಲಿ ಗೆಲ್ಲಲಿಲ್ಲ, ಎರಡನೆಯವರಾದರು. ಸ್ಯಾಂಟೋರಮ್ ಕತೆಯಂತೂ ಮರುಕ ಹುಟ್ಟಿಸುವಂಥದ್ದು. ರಾಜ್ಯದ 99 ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳಂಥವು) ಬೆಂಬಲಿಗರೊಬ್ಬರ ಪಿಕ್‌ಅಪ್ ಟ್ರಕ್ಕಿನಲ್ಲಿ ಸುತ್ತಿದ ಆ ಮನುಷ್ಯ ಕಾಕಸ್ ರಾತ್ರಿ 8 ಮತಗಳಿಂದ ರಾಮ್ನಿಗೆ ಸೋತರೆಂದು ಪ್ರಕಟವಾಯಿತು. ಹದಿನಾರು ದಿನಗಳ ಬಳಿಕ, ಕೆಲವು ಮತಗಟ್ಟೆಗಳ ಲೆಕ್ಕ ಸಿಗದೆಯೇ, 34 ಮತಗಳಿಂದ ಗೆದ್ದಿದ್ದರೆಂದು ಗೊತ್ತಾಯಿತು. ಅಷ್ಟರಲ್ಲಿ ಮೆರವಣಿಗೆ ಮುಂದಕ್ಕೆ ಹೋಗಿಯಾಗಿತ್ತು. ನಡುವೆ ಟೆಕ್ಸಾಸ್‌ನ ಒಂದು ರ‍್ಯಾಂಚ್‌ನಲ್ಲಿ ಸೇರಿದ ಸುಮಾರು 150 ಧಾರ್ಮಿಕ ಮುಖಂಡರು ಅವರನ್ನೇ ಬೆಂಬಲಿಸಲು ನಿರ್ಧರಿಸಿದರೂ, ಒಂದು ವಾರದಲ್ಲಿ ಸೌತ್ ಕ್ಯಾರೊಲೈನಾದ ಮತದಾರರು ಗಿಂಗ್ರಿಚ್ ಕಡೆ ಹೋದರು. ಮುಖಂಡರ ಮಾತು ಬೇರೆ, ಚರ್ಚಿನ ಬೆಂಚಿನಲ್ಲಿ ಕೂತವರ ಮತ ಬೇರೆ ಎಂಬುದು ಅಲ್ಲೂ ಉಂಟು.

ಇನ್ನು ಟ್ರಂಪ್. ಗರ್ಭಪಾತದ ಹಕ್ಕಿನ ಪ್ರಬಲ ಬೆಂಬಲಿಗ ತಾನೆಂದು 1999ರಲ್ಲಿ ಟಿವಿ ಸಂದರ್ಶನದಲ್ಲಿ ಹೇಳಿದ್ದ ಈ ಮನುಷ್ಯನ ಮಾತನ್ನು ಯಾರೂ ಸುಮ್ಮನೆ ನಂಬುವ ಹಾಗಿರಲಿಲ್ಲ; ಅವರಿಗೂ ಅದು ತಿಳಿದಿತ್ತು. ಆದ್ದರಿಂದ ಬೇರೆ ಯಾರೂ ಕೊಡದ ಜಾಮೀನನ್ನು ಅವರು ಕೊಟ್ಟರು. ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡು ಸುಪ್ರೀಂ ಕೋರ್ಟಿನಲ್ಲಿ ಸ್ಥಾನವೊಂದು ತೆರವಾಗಿದ್ದ 2016ರ ಮೇ ತಿಂಗಳಲ್ಲಿ, ತಾವು ಪರಿಗಣಿಸುವ 11 ನ್ಯಾಯಾಧೀಶರ ಹೆಸರುಗಳನ್ನು ಪಟ್ಟಿ ಮಾಡಿ ಪ್ರಕಟಿಸಿದರು, ಜುಲೈನಲ್ಲಿ ಕಟ್ಟಾ ಇವ್ಯಾಂಜೆಲಿಕಲ್ ಆದ ಮೈಕ್ ಪೆನ್ಸ್ ಅವರನ್ನು ಉಪಾಧ್ಯಕ್ಷ ಸ್ಥಾನದ ಜೊತೆಗಾರರನ್ನಾಗಿ ಆರಿಸಿಕೊಂಡರು. ಶೀಲವಂತರ ಬಾಯಿಮಾತಿಗಿಂತ ಶೀಲದ ಬಗ್ಗೆ ಸಂದೇಹವಿದ್ದವನ ಲಿಖಿತ ಪಟ್ಟಿ ಹೆಚ್ಚು ಬೆಲೆಬಾಳಿತು. ಆ ಮತದಾರರು ಲೆಕ್ಕ ತಪ್ಪಲೂ ಇಲ್ಲ: ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳು ಸೇರಿದ ಬಹುಮತವೇ 2022ರ ಜೂನ್ 24ರಂದು ರೋ ತೀರ್ಪನ್ನು ರದ್ದುಗೊಳಿಸಿತು. ಅವರ ಗುರಿಯನ್ನು ನಾನು ಒಪ್ಪುವುದಿಲ್ಲ. ಹೆಣ್ಣಿನ ದೇಹದ ಮೇಲಿನ ಅಂತಿಮ ಮಾತು ಹೆಣ್ಣಿನದೇ ಎಂದು ನಂಬಿದವನು ನಾನು. ಆದರೆ ಅರ್ಧ ಶತಮಾನ ಒಂದೇ ಗುರಿಯಿಟ್ಟು ನಡೆದು ಅದನ್ನು ಮುಟ್ಟಿದವರನ್ನು ಬೂಟಾಟಿಕೆಯವರೆಂದು ತಳ್ಳಿಹಾಕಿದರೆ ನಡೆದದ್ದೇನೆಂದು ನಮಗೆ ಅರ್ಥವಾಗುವುದಿಲ್ಲ. ಬೂಟಾಟಿಕೆ ಎನ್ನುವುದಾದರೆ ಅದು ಬೇರೆ ಕಡೆ ಇದೆ: ನಾಯಕನ ಖಾಸಗಿ ನಡತೆಯೇ ಎಲ್ಲಕ್ಕಿಂತ ಮುಖ್ಯ ಎಂದು ಬಿಲ್ ಕ್ಲಿಂಟನ್ ಕಾಲದಲ್ಲಿ ಗುಡುಗಿದ ಮುಖಂಡರು ಟ್ರಂಪ್ ಕಾಲದಲ್ಲಿ ಆ ಮಾತನ್ನು ನುಂಗಿಕೊಂಡರು.

ಸಾಲ ತೀರಿಸಿದವನಿಗೆ ಹೊಸ ಪತ್ರ ಬರೆದುಕೊಡು ಎಂದು ಕೇಳುವವರು ಕಡಿಮೆ. ಫ್ಲೋರಿಡಾದ ಗವರ್ನರ್ ರಾನ್ ಡಿಸ್ಯಾಂಟಿಸ್ 2023ರಲ್ಲಿ ಆರು ವಾರಗಳ ಬಳಿಕದ ಗರ್ಭಪಾತವನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿ ಕಣಕ್ಕಿಳಿದರು. ವ್ಯಾಂಡರ್ ಪ್ಲಾಟ್ಸ್ ಬೆಂಬಲವೂ ಅವರಿಗೇ ಸಿಕ್ಕಿತು. ಟ್ರಂಪ್ ಆ ಕಾನೂನನ್ನೇ ಭಯಂಕರ ತಪ್ಪೆಂದು ಟಿವಿಯಲ್ಲಿ ಹೇಳಿದರು. ಹಳೆಯ ಲೆಕ್ಕದಲ್ಲಿ ಇಷ್ಟು ಸಾಕಿತ್ತು ಅವರು ನೆಲಕಚ್ಚಲು. 2024ರ ಜನವರಿ 15ರಂದು ಅಯೋವಾ ಟ್ರಂಪ್‌ಗೆ ಶೇಕಡ 51, ಡಿಸ್ಯಾಂಟಿಸ್‌ಗೆ ಶೇಕಡ 21 ಮತ ಕೊಟ್ಟಿತು. 99 ಕೌಂಟಿಗಳಲ್ಲಿ ಟ್ರಂಪ್ ಸೋತದ್ದು ಒಂದರಲ್ಲಿ, ಅದೂ ಇನ್ನೊಬ್ಬ ಅಭ್ಯರ್ಥಿ ನಿಕ್ಕಿ ಹೇಲಿಗೆ, ಒಂದೇ ಒಂದು ಮತದಿಂದ. ಆ ಬೇಸಿಗೆಯಲ್ಲಿ ಪಕ್ಷದ ಪ್ರಣಾಳಿಕೆ ಗರ್ಭಪಾತಕ್ಕೆ ರಾಷ್ಟ್ರವ್ಯಾಪಿ ಮಿತಿ ಬೇಕೆಂಬ ಹಳೆಯ ಬೇಡಿಕೆಯನ್ನು ಕೈಬಿಟ್ಟು ವಿಷಯವನ್ನು ರಾಜ್ಯಗಳಿಗೆ ಬಿಟ್ಟಿತು. ಈಗ ಪರೀಕ್ಷೆ ನಡೆಯುತ್ತಿರುವುದು ಒಬ್ಬ ವ್ಯಕ್ತಿಯ ಮೇಲಿನ ನಿಷ್ಠೆಯಲ್ಲಿ ಎಂದು ನನಗೆ ತೋರುತ್ತದೆ.

ಡೆಮಾಕ್ರಾಟರಲ್ಲೂ ಇದರ ಪ್ರತಿಬಿಂಬವಿದೆ. ಗರ್ಭಪಾತಕ್ಕೆ ಕೇಂದ್ರ ಸರ್ಕಾರದ ಹಣ ಬಳಕೆಯನ್ನು ತಡೆಯುವ ಹೈಡ್ ತಿದ್ದುಪಡಿಯನ್ನು ದಶಕಗಳ ಕಾಲ ಬೆಂಬಲಿಸಿದ್ದ ಕ್ಯಾಥೊಲಿಕ್ ಜೋ ಬೈಡನ್, 2019ರ ಜೂನ್‌ನಲ್ಲಿ ಸ್ಪರ್ಧೆಯ ನಡುವೆ, ಆ ನಿಲುವು ಉಳಿದಿದೆ ಎಂದು ಪ್ರಚಾರ ತಂಡ ಖಚಿತಪಡಿಸಿದ ಮರುದಿನವೇ ಅದನ್ನು ಬಿಟ್ಟುಕೊಟ್ಟರು.

ಹಿಂದೂ ಅಭ್ಯರ್ಥಿಯ ಪ್ರಶ್ನೆಗೆ ಬರುತ್ತೇನೆ. ಯಾವ ಹುದ್ದೆಗೂ ಧಾರ್ಮಿಕ ಪರೀಕ್ಷೆ ಕೂಡದೆಂದು ಅಮೆರಿಕ ಸಂವಿಧಾನದ ಆರನೆಯ ವಿಧಿ ಹೇಳುತ್ತದೆ. ಅದು ಸರ್ಕಾರಕ್ಕೆ ಹಾಕಿದ ಕಟ್ಟು, ಮತದಾರನಿಗಲ್ಲ. 2024ರ ಸ್ಪರ್ಧೆಯಲ್ಲಿದ್ದ, ಕೇರಳ ಮೂಲದ ದಂಪತಿಯ ಮಗ ವಿವೇಕ್ ರಾಮಸ್ವಾಮಿ ಗರ್ಭಪಾತವನ್ನೂ ವಿರೋಧಿಸಿದರು, ಮನೆ, ಮಕ್ಕಳು, ದೇವರು ಎಂದು ಊರೂರಿನಲ್ಲಿ ಮಾತಾಡುತ್ತ 99 ಕೌಂಟಿಗಳನ್ನು ಎರಡೆರಡು ಸಲ ಸುತ್ತಿದರು. 2023ರ ಡಿಸೆಂಬರ್‌ನಲ್ಲಿ ಅಯೋವಾದ ರಾಜಧಾನಿ ಡೆ ಮಾಯಿನ್‌ನ ಟಿವಿ ಸಭೆಯಲ್ಲಿ ಮತದಾರ ಮಹಿಳೆಯೊಬ್ಬರು ನಿಮ್ಮ ಧರ್ಮ ಈ ದೇಶ ಕಟ್ಟಿದ ಹಿರಿಯರದಲ್ಲ ಎನ್ನುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದಾಗ, ತಾನು ಹಿಂದೂ, ಅದನ್ನು ಮರೆಮಾಚುವುದಿಲ್ಲ ಎಂದರು. ಕ್ರೈಸ್ತ ಶಾಲೆಯಲ್ಲಿ ಓದಿದ್ದನ್ನು ನೆನೆದು ಮೌಲ್ಯಗಳು ಒಂದೇ ಎಂದರು. ಕ್ರೈಸ್ತ ಧರ್ಮವನ್ನು ಹರಡಲು ತಕ್ಕ ಅಧ್ಯಕ್ಷ ತಾನಲ್ಲ ಎಂದೂ ಒಪ್ಪಿಕೊಂಡರು. ಸಭಿಕರು ಚಪ್ಪಾಳೆ ತಟ್ಟಿದರು. ಕಾಕಸ್‌ನಲ್ಲಿ ಅವರಿಗೆ ಬಿದ್ದದ್ದು ಶೇಕಡ 8ಕ್ಕಿಂತ ಕಡಿಮೆ ಮತ. ಅದೇ ರಾತ್ರಿ ಕಣದಿಂದ ಸರಿದು ಟ್ರಂಪ್‌ಗೆ ಬೆಂಬಲ ಘೋಷಿಸಿದರು. ಅದಕ್ಕೆ ಧರ್ಮವೇ ಕಾರಣ ಎನ್ನಲು ನನಗೆ ಧೈರ್ಯವಿಲ್ಲ. ಎಲ್ಲ ಕಲಮುಗಳಿಗೂ ಸಹಿ ಹಾಕಿದ್ದ ಡಿಸ್ಯಾಂಟಿಸ್‌ಗೇ ಆ ರಾತ್ರಿ ಸಿಗದ ಮತ ಅವರಿಗೆ ಸಿಗುವ ಹಾಗಿರಲಿಲ್ಲ.