‘ಸಮಾನ ಅವಕಾಶ ಕೊಡುತ್ತೇನೆ’ – ಟಿಕ್ ಹಾಕಲೇ, ಬೇಡವೇ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ 14 ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿರುವ ಉಪನ್ಯಾಸಕಿ. ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ನಲ್ಲಿ ನನ್ನ ಸರಾಸರಿ ಐದಕ್ಕೆ 4.6. ಈ ಸಲ ಯಾರೋ ಹೆಸರು ಹಾಕದೆ ಬರೆದಿದ್ದಾರೆ: ‘ಮೇಡಂ ಒಳ್ಳೆಯವರು. ಆದರೆ ಅವರ ಪಾಠ ಮುಂದಿನ ಎರಡು ಸಾಲಿಗೆ ಮಾತ್ರ.’ ಓದಿದಾಗಿನಿಂದ ನಿದ್ದೆಯಿಲ್ಲ. ನಾನು ಯಾರಿಗೂ ಭೇದ ಮಾಡಿದವಳಲ್ಲ. ಅದೇ ವಾರ ಸ್ವಮೌಲ್ಯಮಾಪನದ ಫಾರಂ ಬಂತು: ‘ಎಲ್ಲ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ಸಮಾನ ಅವಕಾಶ ಕೊಡುತ್ತೇನೆ: ಹೌದು/ಇಲ್ಲ.’ ಸಹೋದ್ಯೋಗಿಗಳು ಎರಡೇ ನಿಮಿಷದಲ್ಲಿ ‘ಹೌದು’ ಹಾಕಿ ಕೊಟ್ಟರು. ನನಗೆ ಕೈ ಏಳುತ್ತಿಲ್ಲ. ಬಡ್ತಿಯ ವರ್ಷ ಬೇರೆ. ಏನು ಮಾಡಲಿ?

ಉತ್ತರ: ಮೊದಲು, ಆ ಸಾಲು ಬರೆದವರು ಯಾರೆಂದು ಹುಡುಕಬೇಡಿ. ಪದಗಳ ಧಾಟಿ ನೋಡಿ ಆಗಲೇ ಒಂದಿಬ್ಬರ ಮೇಲೆ ಗುಮಾನಿ ಬಂದಿರಬಹುದು. ಬಿಟ್ಟುಬಿಡಿ. ‘ಇದು ಯಾರದಪ್ಪಾ?’ ಎಂದು ನಗುನಗುತ್ತಲೇ ತರಗತಿಯಲ್ಲಿ ಕೇಳಿದಿರೋ, ಮುಂದಿನ ವರ್ಷ ನಿಮಗೆ 4.9 ಬರುತ್ತದೆ, ಇಂಥ ಸಾಲು ಬರುವುದಿಲ್ಲ.

ಸಂಖ್ಯಾಶಾಸ್ತ್ರದವರಿಗೆ ಸರಾಸರಿಯ ಗುಣ ನಾನು ಹೇಳಬೇಕೇ? 60 ಜನರಲ್ಲಿ 48 ಮಂದಿ ಐದು ಕೊಟ್ಟು, 12 ಮಂದಿ ಮೂರೇ ಕೊಟ್ಟರೂ ಬರುವುದು ಅದೇ 4.6. ಆ ಹನ್ನೆರಡು ಜನ ಎಲ್ಲಿ ಕೂರುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ಸಾಲದ್ದಕ್ಕೆ ಫೀಡ್‌ಬ್ಯಾಕ್ ಎಂಬುದೇ ನೆಟ್ಟಗಿಲ್ಲದ ತಕ್ಕಡಿ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಆನ್‌ಲೈನ್ ಕೋರ್ಸ್ ಕಲಿಸಿದವರು ಗಂಡಸು ಎಂದು ವಿದ್ಯಾರ್ಥಿಗಳು ನಂಬಿದಾಗ ಹೆಚ್ಚು ಅಂಕ ಕೊಟ್ಟರು, ಹೆಂಗಸು ಎಂದು ನಂಬಿದಾಗ ಕಡಿಮೆ. ನಿಜಕ್ಕೂ ಕಲಿಸಿದವರು ಯಾರು ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಹಾಗಾಗಿ ನೀವೇ ಎಣಿಸಿ. ನಿಮಗೆ ನಂಬಿಕೆಯಿರುವ ಒಬ್ಬ ಸಹೋದ್ಯೋಗಿಯನ್ನು ಎರಡು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂರಿಸಿ. ಕೈಗೆ ತರಗತಿಯ ನಕ್ಷೆಯೊಂದನ್ನು ಕೊಡಿ. ನೀವು ಯಾರನ್ನು ಕೇಳಿದಿರಿ, ಯಾರು ಉತ್ತರಿಸಿದರು, ಎಷ್ಟು ಸೆಕೆಂಡು ಕಾದಿರಿ, ಇಷ್ಟನ್ನೇ ಗುರುತು ಹಾಕಲಿ. ಕೊನೆಯದು ಸಣ್ಣ ಸಂಗತಿಯಲ್ಲ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಶಾಲೆಗಳ ವಿಜ್ಞಾನ ಪಾಠಗಳನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು, ಅದರಲ್ಲೂ ಜಾಣರೆಂದುಕೊಂಡವರಿಗೆ ತುಸು ಹೆಚ್ಚು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಅದುವರೆಗೆ ಬಾಯಿ ಬಿಡದವರೂ ಮಾತಾಡಿದರು. ಮೂರು ಸೆಕೆಂಡು ಸುಮ್ಮನೆ ನಿಂತು ನೋಡಿ, ಯುಗ ಕಳೆದಂತಾಗುತ್ತದೆ! ಕಾಲೇಜಿನ ಮಟ್ಟದಲ್ಲೂ ಕಥೆ ಬೇರೆಯಲ್ಲ. 2014ರ ಇನ್ನೊಂದು ಅಧ್ಯಯನ ಜೀವಶಾಸ್ತ್ರದ ಆರಂಭಿಕ ತರಗತಿಗಳನ್ನು ಗಮನಿಸಿತು. ಕೂತವರಲ್ಲಿ ಸುಮಾರು 60% ವಿದ್ಯಾರ್ಥಿನಿಯರು. ಅಧ್ಯಾಪಕರ ಪ್ರಶ್ನೆಗೆ ಉತ್ತರವಾಗಿ ಕೇಳಿಬಂದ ದನಿಗಳಲ್ಲಿ ಅವರದು 40%ಕ್ಕೂ ಕಡಿಮೆ. ಅಲ್ಲಿ ಪಾಠ ಮಾಡಿದವರೆಲ್ಲ ಕೆಟ್ಟವರಿರಲಾರರು. ಎತ್ತಿದ ಕೈಗಳತ್ತಲೇ ಕಣ್ಣು ಹೋಗುವುದು ನಮ್ಮೆಲ್ಲರ ಅಭ್ಯಾಸ.

‘ಎಲ್ಲರನ್ನೂ ಒಂದೇ ರೀತಿ ನೋಡುತ್ತೇನೆ’ ಎನ್ನುವವರಿಗೆ ನಾನು ಕೇಳುವುದು ಒಂದನ್ನೇ. ‘ಡೌಟ್ ಇದ್ದರೆ ಸ್ಟಾಫ್ ರೂಮಿಗೆ ಬನ್ನಿ’ ಎಂದು ನೀವು ಎಲ್ಲರಿಗೂ ಹೇಳಿರುತ್ತೀರಿ. ಈ ಸೆಮಿಸ್ಟರ್‌ನಲ್ಲಿ ನಿಜವಾಗಿ ಬಂದವರ ಹೆಸರು ಬರೆಯಿರಿ. ಮನೆಯಲ್ಲಿ ಕಾಲೇಜು ಕಂಡವರಿರುವ ಮಕ್ಕಳಿಗೆ ಅದು ಆಹ್ವಾನ. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ, ಬೇರೆ ಮಾಧ್ಯಮದಲ್ಲಿ ಓದಿ ಬಂದವರಿಗೆ, ‘ಓದು ಸಾಲದು’ ಎಂದು ಬೈಸಿಕೊಳ್ಳಲು ಹೋಗುವ ಜಾಗ. ಪಾಠ ಮುಗಿದ ತಕ್ಷಣ ಕೆಲಸಕ್ಕೆ ಓಡುವವರಿಗಂತೂ ಆ ಹೊತ್ತೇ ಸಿಗದು. ಎಲ್ಲರಿಗೂ ಹೇಳಿದ ಮಾತು ಅದೊಂದೇ ಆದರೂ ತಲುಪಿದ್ದು ಕೆಲವರಿಗೆ.

ಅಂಕಪಟ್ಟಿಯನ್ನೂ ತೆಗೆಯಿರಿ. ಪಾಸಾದವರ ಪ್ರಮಾಣ ಬಿಡಿ, ಮೊದಲ ಟೆಸ್ಟ್ ಬರೆದು ಆಮೇಲೆ ಅಸೈನ್‌ಮೆಂಟ್ ಕೊಡುವುದನ್ನೇ ನಿಲ್ಲಿಸಿದವರು ಯಾವ ಹಿನ್ನೆಲೆಯವರು ಎಂದು ನೋಡಿ. ನಾಲ್ಕೇ ಜನರ ಗುಂಪಿನಲ್ಲಿ ಒಬ್ಬರು ಜಾರಿದರೆ 25% ಆಗುವುದರಿಂದ ಮೂರು ವರ್ಷದ್ದನ್ನು ಒಟ್ಟಿಗಿಟ್ಟು ನೋಡುವುದು ಮೇಲು. ತರಗತಿಯಲ್ಲಿ ಕೈ ಎತ್ತಿಸಿ ಹಿನ್ನೆಲೆ ವಿಚಾರಿಸುವ ಕೆಲಸ ಮಾತ್ರ ಬೇಡ.

ಇನ್ನು ಫಾರಂ. ‘ಇಲ್ಲ’ ಎಂದು ಹಾಕಿ ಹುತಾತ್ಮರಾಗಬೇಡಿ. ಅದೂ ಎಣಿಸದೇ ಕೊಡುವ ಉತ್ತರವೇ. ವಿಭಾಗದ ಮುಖ್ಯಸ್ಥರಲ್ಲಿ ಎರಡು ವಾರ ಸಮಯ ಕೇಳಿ, ಎಣಿಸಿದ ಮೇಲೆ ಫಾರಂ ಜತೆಗೊಂದು ಹಾಳೆ ಲಗತ್ತಿಸಿ: ಎರಡು ತರಗತಿಗಳಲ್ಲಿ ಎಣಿಸಿದ್ದು ಇಷ್ಟು, ಬದಲಿಸಿದ್ದು ಇದು, ಸೆಮಿಸ್ಟರ್ ಕೊನೆಗೆ ಮತ್ತೆ ಎಣಿಸುತ್ತೇನೆ. ಬಡ್ತಿಗೆ ಅಡ್ಡಿಯಾಗದು ಎಂಬ ಭರವಸೆ ನಾನು ಕೊಡಲಾರೆ. ಮೇಲಿನವರು ಎಂಥವರು ಎಂಬುದು ನಿಮಗೇ ಗೊತ್ತು. ಆದರೆ ಬರೀ ಟಿಕ್‌ಗಿಂತ ಲೆಕ್ಕದ ಹಾಳೆಯನ್ನು ಸಮರ್ಥಿಸಿಕೊಳ್ಳುವುದು ಸುಲಭ.

ಅಷ್ಟರೊಳಗೆ ಒಂದು ದಿನ ಪಾಠ ಐದು ನಿಮಿಷ ಮೊದಲೇ ಮುಗಿಸಿ ಎಲ್ಲರಿಗೂ ಚೀಟಿ ಹಂಚಿ. ಹೆಸರು ಬೇಡ, ಪ್ರಶ್ನೆ ಒಂದೇ: ‘ಈ ತರಗತಿಯಲ್ಲಿ ಬಾಯಿ ತೆರೆಯಲು ಅಡ್ಡಿಯಾಗುವುದು ಏನು?’ ಮುಂದಿನ ಪಾಠವನ್ನು, ಚೀಟಿ ಓದಿ ನೀವೇನು ಬದಲಿಸುತ್ತಿದ್ದೀರಿ ಎಂದು ಹೇಳುವುದರಿಂದಲೇ ಶುರುಮಾಡಿ. ಹೇಳುವಾಗ ಮೂರನೇ ಸಾಲಿನ ಹಿಂದೆ ನಿಂತುಕೊಳ್ಳಿ.